ಒಡಪಿನಲ್ಲಿ ಕೊಟ್ಟ ಮಾತು

ಹೆಂಗಸರ ಮುಂದಾಳು ಎಂದರೆ ಭಾರಿ ಧೈರ್ಯದವಳೇ ಇರಬೇಕು ಎಂದು ಜನ ನಂಬಿಬಿಟ್ಟಿದ್ದಾರೆ. ಯಾವುದೋ ಸಮಾರಂಭದಲ್ಲಿ ಶಾಲು ಹೊದಿಸಿ ‘ದಿಟ್ಟ ಶಿಕ್ಷಕಿ’ ಎಂದು ಮೈಕಿನಲ್ಲಿ ಹೊಗಳುವಾಗ ನಾನು ನನ್ನ ಹೊಟ್ಟೆಯನ್ನು ನೆನೆಸಿಕೊಳ್ಳುತ್ತೇನೆ. ಶಿಕ್ಷಣ ಇಲಾಖೆಯ ಕಚೇರಿಯಿಂದ ಒಂದು ಫೋನು ಬಂದರೆ ಸಾಕು, ಅದು ತೊಳಸತೊಡಗುತ್ತದೆ. ಸ್ಕೂಟಿ ಏರುವಾಗ ಪೆಟ್ರೋಲು ಮುಗಿದರೆ ಎಂಬ ಚಿಂತೆ, ಇಳಿಯುವಾಗ ಶಾಲೆಯ ಬೀಗದಕೈ ಮರೆತೆನೇ ಎಂಬ ಚಿಂತೆ. ನಮ್ಮವ್ವ ಅನ್ನುತ್ತಿದ್ದಳು, “ಇದಕ್ಕ ಚಿಂತಿ ಮಾಡಾಕ ಏನೂ ಸಿಗಲಿಲ್ಲಂದ್ರ, ಏನೂ ಸಿಗವಲ್ದಲ್ಲಾ ಅಂತ ಚಿಂತಿ ಮಾಡ್ತೈತಿ.” ಅವ್ವ ನನ್ನನ್ನು ಸರಿಯಾಗಿಯೇ ಅಳೆದಿದ್ದಳು.

ನನ್ನ ತವರು ಅಣ್ಣಿಗೇರಿ, ಕೊಟ್ಟ ಮನೆ ಕುಂದಗೋಳ. ಕುಬಿಹಾಳದ ಆಚೆಗಿನ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ನೌಕರಿ. ಏಳನೇ ತರಗತಿಗೆ ಮುಗಿಯುವ ಶಾಲೆ. ನಮ್ಮ ಕಡೆ ಹಳ್ಳಿಯವರು ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. ತೊಡಕು ಶುರುವಾದದ್ದೇ ಆ ಹೆಸರಿನಿಂದ. ಅಕ್ಕ ಎಂದ ಮೇಲೆ ಮಕ್ಕಳಿಗಷ್ಟೇ ಅಲ್ಲ, ಅವರ ಅವ್ವಂದಿರಿಗೂ ಅಕ್ಕನೇ. ಒಬ್ಬಳು ಮಗನ ಜ್ವರದ ಮಾತು ಹೇಳಲು, ಇನ್ನೊಬ್ಬಳು ಅತ್ತೆಯ ಮೇಲಿನ ಸಿಟ್ಟು ಇಳಿಸಲು, ಶಾಲೆ ಬಿಡುವ ಹೊತ್ತಿಗೆ ಕಟ್ಟೆಯ ಮೇಲೆ ಬಂದು ಕೂಡತೊಡಗಿದರು. ಹಾಗೆ ಕೂತವರೇ ಕ್ರಮೇಣ ಒಂದು ಸಂಘವಾದರು. ಯಾವ ಚುನಾವಣೆಗೂ ನಿಲ್ಲದೆ ನಾನು ಅದರ ಮುಂದಾಳಾದೆ. ನೀರಿನ ಟಾಕಿ, ಅಂಗನವಾಡಿಯ ಸೋರುವ ಚಾವಣಿ, ಹೆಣ್ಣಾಳಿಗೆ ಕೊಡುವ ಕಡಿಮೆ ಕೂಲಿ, ಎಲ್ಲಕ್ಕೂ ಜಗಳವಾಡಿದೆವು. ಕೆಲವು ಗೆದ್ದೆವು, ಕೆಲವು ಈಗಲೂ ನಡೆದಿವೆ.

ಸಂಘದ ಖಾತೆ ತೆರೆಯಲು ಬ್ಯಾಂಕಿಗೆ ಹೋದ ದಿನವನ್ನು ಇಲ್ಲಿ ಹೇಳಲೇಬೇಕು. ಅಲ್ಲಿಯ ಗುಮಾಸ್ತ ಒಬ್ಬೊಬ್ಬರ ಗಂಡನ ಹೆಸರು ಕೇಳಿದ. ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು, ಹೇಳಿದರೆ ಆತನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ನಮ್ಮಲ್ಲಿ ಇನ್ನೂ ಇದೆ. ಕೈಯಲ್ಲಿ ಮೊಬೈಲು ಬಂದರೂ ಇದು ಹೋಗಿಲ್ಲ. ಅದಕ್ಕೇ ಬಾಜೂ ನಿಂತವಳು ಹೇಳುತ್ತಾಳೆ; ಈಕೆಯ ಗಂಡನ ಹೆಸರು ಆಕೆ, ಆಕೆಯದು ಈಕೆ. ಆ ದಿನ ಒಟ್ಟಿಗೆ ನಿಂತ ಇಬ್ಬರ ಗಂಡಂದಿರ ಹೆಸರೂ ಒಂದೇ ಆಗಿತ್ತು. ಅದು ಊರ ದೇವರ ಹೆಸರು, ಅರ್ಧ ಊರಿನ ಗಂಡಸರಿಗೆ ಅದನ್ನೇ ಇಟ್ಟಿದ್ದಾರೆ. ಗೆಳತಿಯ ಗಂಡನ ಹೆಸರು ಹೇಳಿದರೆ ತನ್ನ ಗಂಡನದೂ ಹೇಳಿದಂತೆಯೇ ಅಲ್ಲವೇ? ಇಬ್ಬರೂ ಸೆರಗಿನ ತುದಿ ಬಾಯಿಗಿಟ್ಟುಕೊಂಡು ನಿಂತುಬಿಟ್ಟರು. ಗುಮಾಸ್ತನಿಗೆ ನಾನೇ ಹೇಳಿ ಕೆಲಸ ಮುಗಿಸಿದೆ. ಬರುವಾಗ ಟಂಟಂ ಆಟೋದಲ್ಲಿ ಬಿದ್ದು ಬಿದ್ದು ನಕ್ಕೆವು. ನಕ್ಕು ಮರೆತೆವು, ಅದೇ ತಪ್ಪಾಯಿತು.

ಗಂಡನ ಹೆಸರು ಹೇಳಲು ಹೆಂಗಸಿಗೆ ಇರುವುದು ಒಂದೇ ದಾರಿ, ಒಡಪು. ಮದುವೆ, ಬಸುರಿಯ ಕುಬಸದ ಮನೆಗಳಲ್ಲಿ ಅಡ್ಡ ನಿಂತು “ಒಡಪ ಹೇಳು, ಇಲ್ಲಂದ್ರ ಹೊಸ್ತಿಲಾ ದಾಟಸೂದಿಲ್ಲ” ಎಂದು ಕಾಡಿಸುತ್ತಾರೆ. ಆಗ ಎರಡು ಸಾಲು ಪ್ರಾಸ ಕಟ್ಟಿ ಅದರಲ್ಲಿ ಹೆಸರು ಸೇರಿಸಿ ಹೇಳಿದರೆ ದೋಷವಿಲ್ಲ, ನಗೆಯೂ ಸಿಗುತ್ತದೆ. ನಮ್ಮ ಸಂಘದಲ್ಲಿ ಒಡಪಿಗೆ ಹೆಸರಾದವಳು ಒಬ್ಬಳಿದ್ದಳು. ಮೈಯಲ್ಲಿ ಮಾಂಸವಿಲ್ಲದ, ಹೊಲದಲ್ಲಿ ದುಡಿದು ಕಪ್ಪಿಟ್ಟ ಸಣ್ಣ ಜೀವ. ಆಕೆಯ ಮಗಳು ನನ್ನ ಏಳನೇ ತರಗತಿಯಲ್ಲಿದ್ದಳು. ಒಂದು ಮದುವೆಯಲ್ಲಿ ಆಕೆ ಹೇಳಿದ ಒಡಪು ಇನ್ನೂ ನೆನಪಿದೆ. ಹೆಸರಿದ್ದ ಕಡೆ ನಾನು ಚುಕ್ಕಿ ಇಟ್ಟಿದ್ದೇನೆ.

“ಸಜ್ಜಿರೊಟ್ಟಿ ಮ್ಯಾಲ ಇಟ್ಟೇನಿ ಬೆಣ್ಣಿ ಮುದ್ದಿ,
…… ರಾಯರಿಗೆ ಹೊಟ್ಟಿ ತುಂಬಿದ ಮ್ಯಾಲನ ಬುದ್ಧಿ.”

ಹಂದರದ ಗಂಡಸರೆಲ್ಲ ಆ ರಾಯರ ಬೆನ್ನು ಚಪ್ಪರಿಸಿ ನಕ್ಕಿದ್ದರು. ಆತನೂ ಮೀಸೆಯಲ್ಲೇ ನಕ್ಕಿದ್ದ.

ಆತ ಕೆಟ್ಟವನಲ್ಲ. ಕುಡಿಯುವುದಿಲ್ಲ, ಬಡಿಯುವುದಿಲ್ಲ, ಮಗಳ ಮೇಲೆ ಪ್ರಾಣ. ಆದರೆ ಆತನ ತಲೆಯಲ್ಲಿ ಸದಾ ನಾಲ್ಕು ಮಂದಿ ಕೂತಿರುತ್ತಿದ್ದರು. ‘ನಾಲ್ಕ್ ಮಂದಿ ಏನಂದಾರು’ ಎನ್ನುವ ಆ ನಾಲ್ವರು ಯಾರೆಂದು ನಾನು ಈವರೆಗೆ ಕಂಡಿಲ್ಲ. ಕಂಡರೆ ಎರಡು ಮಾತು ಆಡಬೇಕೆಂದಿದ್ದೇನೆ.

ಏಳನೇ ತರಗತಿ ಮುಗಿದ ಮೇಲೆ ಹೈಸ್ಕೂಲಿಗೆ ಕುಂದಗೋಳಕ್ಕೆ ಬರಬೇಕು. ಅದಕ್ಕೆ ಊರಿಂದ ನಡೆದು ಕ್ರಾಸಿಗೆ ಬಂದು ಬಸ್ಸು ಹಿಡಿಯಬೇಕು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಕ್ರಾಸಿನಲ್ಲಿ ಹೊಸದೊಂದು ನಡಾವಳಿ ಶುರುವಾಯಿತು. ಬರೇ ಹೆಣ್ಣುಮಕ್ಕಳು ನಿಂತಿದ್ದರೆ ಬಸ್ಸು ನಿಲ್ಲುವುದಿಲ್ಲ. ನಡುವೆ ಒಬ್ಬ ಗಂಡಸು ನಿಂತು ಕೈ ಮಾಡಿದರೆ ನಿಲ್ಲುತ್ತದೆ. ಎಲ್ಲ ಬಸ್ಸೂ ಹಾಗೆ ಅಂತಲ್ಲ, ತುಂಬಿ ಬರುವ ಬೆಳಗಿನ ಬಸ್ಸು ಹಾಗೆ. ಕುಂದಗೋಳದಿಂದ ಸ್ಕೂಟಿಯ ಮೇಲೆ ಬರುವ ನನಗೆ ದಿನವೂ ಕ್ರಾಸಿನಲ್ಲಿ ಆ ಹುಡುಗಿಯರು ಕಾಣುತ್ತಿದ್ದರು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಬೆನ್ನಿಗೆ ಚೀಲ, ಬಸ್ಸು ಬಂದಾಗ ಎತ್ತಿದ ಕೈ. ಬಸ್ಸು ಹೋದ ಮೇಲೆ ಆ ಕೈ ಹಾಗೇ ಮೆಲ್ಲಗೆ ಇಳಿಯುವುದನ್ನು ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದೇ ವರ್ಷದಲ್ಲಿ ಅವರ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಬಿಟ್ಟವರು ಮನೆಯಲ್ಲಿ ಉಳಿದರು, ಮನೆಯಲ್ಲಿ ಉಳಿದವರಿಗೆ ವರ ಹುಡುಕಲು ಶುರುಮಾಡಿದರು.

ಒಡಪಿನಾಕೆಯ ಮಗಳ ಸರದಿ ಬಂದಾಗ ಅಪ್ಪ ಶಾಲೆಗೇ ಬಂದು ಹೇಳಿಹೋದ. “ಅಕ್ಕೋರ, ಸಾಲಿ ಇಷ್ಟಕ್ಕ ಸಾಕ್ರಿ. ತಾಸಗಟ್ಟಲೆ ಕ್ರಾಸಿನ್ಯಾಗ ಹುಡುಗಿ ನಿಂತ್ರ ನಾಲ್ಕ್ ಮಂದಿ ಏನಂತಾರ? ಆಕಿ ಸೋದರಮಾವ ಅದಾನ. ಒಂದೆರಡು ವರ್ಷ ಮನಿಯಾಗಿರ್ತಾಳ, ಆಮ್ಯಾಲ ನೋಡೂಣು.”

ಆ ‘ನೋಡೂಣು’ ಎಂದರೆ ಆ ಮಾವನೊಡನೆ ಮದುವೆ. ಹುಡುಗಿ ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. ಲೆಕ್ಕದಲ್ಲಿ ಬಲು ಚುರುಕು; ನಾನು ಹಲಗೆಯ ಮೇಲೆ ತಪ್ಪಿದರೆ ಕೆಮ್ಮಿ ತೋರಿಸುವ ಹುಡುಗಿ. ಆ ದಿನ ನಾನು ಎಷ್ಟು ತಪ್ಪಿದೆನೋ, ಆಕೆ ಕೆಮ್ಮಲಿಲ್ಲ.

ಬಸ್ಸು ನಿಲ್ಲಬೇಕು ಎಂದು ಗ್ರಾಮಸಭೆಯಲ್ಲಿ ಠರಾವು ಮಾಡಿಸೋಣ ಎಂದು ಸಂಘದಲ್ಲಿ ಮಾತಾಯಿತು. ತಾಲೂಕಿನ ಅಧಿಕಾರಿ ಬರುತ್ತಾರೆ, ಅವರೆದುರು ಹೇಳಿದರೆ ಡಿಪೊದವರೆಗೆ ಹೋಗುತ್ತದೆ. ಬಸ್ಸು ನಿಂತರೆ ಅಪ್ಪನ ನೆವ ಅರ್ಧ ಕಡಿಮೆಯಾಗುತ್ತದೆ. ನಾನೇ ಮಾತಾಡುವುದೆಂದು ಎಲ್ಲರೂ ತಿಳಿದಿದ್ದರು. ಅಷ್ಟರಲ್ಲಿ ಕಚೇರಿಯಿಂದ ಫೋನು ಬಂತು. “ಅಕ್ಕೋರ, ನೀವು ಹೆಣ್ಮಕ್ಕಳ್ನ ಕೂಡಿಸಿ ರೋಡ್ ಬಂದ್ ಮಾಡಸ್ತೀರಂತ ದೂರು ಬಂದೈತಿ. ಸರಕಾರಿ ನೌಕರದಾರು ಇದ್ದೀರಿ, ಸಾಲಿ ಅಷ್ಟ ನೋಡ್ಕೋರಿ.” ರೋಡ್ ಬಂದ್ ಮಾಡುವ ವಿಚಾರ ನಮಗೆ ಹೊಳೆದೂ ಇರಲಿಲ್ಲ. ದೂರು ಕೊಟ್ಟವನಿಗೆ ನಮಗಿಂತ ಚಲೋ ತಲೆ ಇತ್ತು.

ಮನೆಯಲ್ಲಿ ಯಜಮಾನರು ಊಟದ ತಾಟಿನ ಮುಂದೆ ಕೂತು ಅಂದರು, “ಸಾಲಿನೂ ನಿಂದ, ಸಂಘಾನೂ ನಿಂದ. ನಾಳೆ ವರ್ಗಾ ಮಾಡಿ ದೇವಿಕೊಪ್ಪಕ್ಕ ಒಗದ್ರ ದಿನಾ ಸ್ಕೂಟಿ ಮ್ಯಾಲ ಕಲಘಟಗಿ ದಾಟಿ ಹೋಗ್ತೀಯೇನು?” ಸಿಟ್ಟಿನಿಂದಲ್ಲ, ಕಾಳಜಿಯಿಂದಲೇ ಅಂದರು. ಅದರಿಂದ ನನ್ನ ಹೆದರಿಕೆ ಇನ್ನಷ್ಟು ಹೆಚ್ಚಾಯಿತು. ಸಿಟ್ಟಿಗಾದರೆ ಎದುರು ಮಾತಾಡಬಹುದು, ಕಾಳಜಿಗೆ ಏನು ಹೇಳುವುದು?

ನಾನು ಬಾಯಿ ತೆರೆಯುವಂತಿಲ್ಲ ಎಂದಾಯಿತು. ಹಾಗಾದರೆ ಯಾರು? ಮಗಳನ್ನು ಬಿಡಿಸುವ ಹಂತಕ್ಕೆ ಬಂದ ಅವ್ವನೇ ಮಾತಾಡಲಿ ಎಂದು ಎಲ್ಲರೂ ಒಡಪಿನಾಕೆಯ ಕಡೆ ನೋಡಿದರು. ಆಕೆ ಗಾಬರಿಯಾದಳು. “ಹೊಲದಾಗ ಒದರಂದ್ರ ಒದರ್ತೇನ್ರಿ ಅಕ್ಕೋರ. ಟೇಬಲ್ ಹಾಕ್ಕೊಂಡು ಕುಂತೋರ್ನ ಕಂಡ್ರ ನನಗ ನಾಲಿಗಿನ ಇರೂದಿಲ್ಲ.” ಗಂಡನೂ ಅಲ್ಲಿರುತ್ತಾನೆ ಎಂಬುದು ಆಕೆಯ ಇನ್ನೊಂದು ಅಂಜಿಕೆ. ಮನೆಯಲ್ಲಿ ಬೇಡ ಎಂದದ್ದನ್ನು ಸಭೆಯಲ್ಲಿ ಬೇಕು ಎನ್ನುವುದು ಹೇಗೆ?

ಶಾಲೆ ಬಿಟ್ಟ ಮೇಲೆ ನನ್ನ ವರ್ಗದ ಕೋಣೆಯಲ್ಲಿ ತಾಲೀಮು ನಡೆಯಿತು. ನಾನು ಅಧಿಕಾರಿಯಾಗಿ ಟೇಬಲ್ಲಿನ ಹಿಂದೆ ಕೂತೆ. ಮೊದಲ ಸಲ ಆಕೆ ಸೆರಗು ಹಿಂಡುತ್ತ ನಿಂತೇಬಿಟ್ಟಳು. ಎರಡನೆಯ ಸಲ “ನಮಸ್ಕಾರ್ರಿ” ಎಂಬಲ್ಲಿಗೆ ಬಂದಳು. ಆಮೇಲೆ ಆಮೇಲೆ, “ನನ್ನ ಮಗಳು ಏಳನೇದು ಪಾಸಾಗ್ಯಾಳ್ರಿ, ಬಸ್ ನಿಲ್ಲದ್ದಕ್ಕ ಸಾಲಿ ನಿಲ್ಲಾಕ ಹತ್ತೇತ್ರಿ” ಎಂದು ಚೊಕ್ಕಟವಾಗಿ ಹೇಳತೊಡಗಿದಳು. ಆ ಮಾತು ಆಕೆಯದೇ, ನಾನು ಹೇಳಿಕೊಟ್ಟದ್ದಲ್ಲ. ಒಡಪಿನ ಧಾಟಿ ಬರುತ್ತಿದೆಯೆಂದು ನಾನು ಎಚ್ಚರಿಸಿದೆ. “ಏ ತಂಗಿ, ಅದು ಮದವಿಮನಿ ಅಲ್ಲ. ಮಂದಿ ನಕ್ಕರ ನಮ್ಮ ಮಾತು ನಗಿಯಾಗ ತೇಲಿ ಹೋಗ್ತೈತಿ.” ಆಕೆ ತಲೆಯಾಡಿಸಿದಳು. ಎಲ್ಲ ಪ್ರಶ್ನೆ ಕೇಳಿ ನೋಡಿದೆ. ಗಂಡನ ಹೆಸರೊಂದನ್ನು ಕೇಳಲಿಲ್ಲ. ನನಗೆ ಗೊತ್ತಿರುವ ಹೆಸರನ್ನು ನಾನೇಕೆ ಕೇಳುತ್ತೇನೆ?

ಸಭೆಯ ದಿನ ಪಂಚಾಯ್ತಿಯ ಹಾಲಿನಲ್ಲಿ ಮುಂದೆ ಗಂಡಸರು ಕುರ್ಚಿಯ ಮೇಲೆ, ಹಿಂದೆ ಹೆಂಗಸರು ಜಮಖಾನೆಯ ಮೇಲೆ. ಆತ ಮುಂದಿನ ಸಾಲಿನಲ್ಲೇ ಇದ್ದ. ನಾನು ಬಾಗಿಲ ಹತ್ತಿರ, ಶಾಲೆಯ ಕೆಲಸಕ್ಕೆ ಬಂದವಳ ಹಾಗೆ ನಿಂತೆ. ಆಕೆಗೆ ಧೈರ್ಯಕ್ಕಿರಲಿ ಎಂದು ಸಂಘದ ದೊಡ್ಡ ಬಾಯಿಯ ಹೆಂಗಸನ್ನು ಹುಡುಕಿ ಬಾಜೂ ಕೂಡಿಸಿದ್ದೆ. ಯಾರಿಗೂ ಸೊಪ್ಪು ಹಾಕದ ಹೆಂಗಸು. ಈ ಒಂದು ಏರ್ಪಾಡಿನ ಬಗ್ಗೆ ನನಗೆ ಹೆಮ್ಮೆಯೇ ಇತ್ತು.

ಅಧಿಕಾರಿ ಮೈಸೂರು ಕಡೆಯವರು, ತಾಲೂಕಿಗೆ ಹೊಸಬರು. ನಮ್ಮ ಸರದಿ ಬಂದಾಗ ಆಕೆ ಎದ್ದಳು. ಬರೆದುಕೊಳ್ಳಲು ಪೆನ್ನು ತೆಗೆದು ಅವರು ಕೇಳಿದರು, “ಹೇಳಿ ಅಮ್ಮ. ನಿಮ್ಮ ಹೆಸರು, ಯಜಮಾನರ ಹೆಸರು?”

ತನ್ನ ಹೆಸರು ಹೇಳಿದಳು. ಅಲ್ಲಿಗೇ ನಿಂತುಬಿಟ್ಟಳು. ರೂಢಿಯ ಹಾಗೆ ಬಾಜೂ ಕೂತ ದೊಡ್ಡ ಬಾಯಿಯವಳ ಕಡೆ ನೋಡಿದಳು. ಆ ದೊಡ್ಡ ಬಾಯಿ ಸೆರಗಿನಲ್ಲಿ ಮುಚ್ಚಿಕೊಂಡಿತ್ತು. ಆಗ ನನಗೆ ಬ್ಯಾಂಕು ನೆನಪಾಯಿತು. ಅಂದು ಒಟ್ಟಿಗೆ ಮೂಕರಾಗಿ ನಿಂತ ಇಬ್ಬರು ಇವರೇ. ಇಡೀ ಸಂಘದಲ್ಲಿ ಹುಡುಕಿ ಹುಡುಕಿ, ಆಕೆಯ ಗಂಡನ ಹೆಸರನ್ನು ಹೇಳಲಾರದ ಹೆಂಗಸನ್ನೇ ತಂದು ಬಾಜೂ ಕೂಡಿಸಿದ್ದೆ.

“ಏನಮ್ಮ, ಗಂಡನ ಹೆಸರೇ ಗೊತ್ತಿಲ್ವಾ?” ಎಂದು ಅಧಿಕಾರಿ ನಕ್ಕರು. ಪಾಪ, ಅವರಿಗೆ ನಮ್ಮ ಕಡೆಯ ರೀತಿ ತಿಳಿಯದು. ಗಂಡಸರಲ್ಲಿ ಕೆಲವರು ಕಿಸಕ್ಕೆಂದರು. ಆಕೆಯ ಕೈ ಸೆರಗು ಹಿಂಡತೊಡಗಿತು. ಮುಗಿಯಿತು, ಈಗ ಕೂತುಬಿಡುತ್ತಾಳೆ, ಹುಡುಗಿಯ ಶಾಲೆ ಇಲ್ಲಿಗೇ ಮುಗಿಯಿತು ಎಂದು ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ನಾನೇ ಕೂಗಿ ಹೆಸರು ಹೇಳಲೇ ಎಂದರೆ ಕಚೇರಿಯ ಫೋನು ಕಿವಿಯಲ್ಲಿ ಗುಂಯ್‌ಗುಟ್ಟಿತು. ಅಷ್ಟರಲ್ಲಿ ಗಂಡಸರ ಸಾಲಿನಿಂದ ಯಾರೋ ಹೆಸರು ಹೇಳಲು ಬಾಯಿ ತೆರೆದರು.

“ತಡೀರಿ, ನಾನ ಹೇಳ್ತೇನಿ” ಎಂದಳು ಆಕೆ. ಸೆರಗು ಬಿಟ್ಟು ಕೈ ಕೆಳಗಿಳಿಸಿದಳು. ಮದುವೆಮನೆಯ ಹೊಸ್ತಿಲಲ್ಲಿ ನಿಂತಂತೆ ನಿಂತು, ಗಟ್ಟಿ ದನಿಯಲ್ಲಿ ಹೇಳಿದಳು:

“ಕಾಯೋರಿಲ್ಲದ ಕಡ್ಲಿಹೊಲ ಹಕ್ಕಿ ಬಾಯಾಗಿನ ತುತ್ತು,
ಮಗಳ್ನ ಹೈಸ್ಕೂಲಿಗೆ ಕಳಸ್ತೇನಂತ …… ರಾಯರು ಕೊಟ್ಟಾರ ಮಾತು.”

ಹೆಂಗಸರು ನಕ್ಕರು, ಗಂಡಸರು “ಭೇಷ್” ಎಂದರು, ಚಪ್ಪಾಳೆ ಬಿತ್ತು. ನನಗೆ ಮಾತ್ರ ನಗು ಬರಲಿಲ್ಲ. ಆತ ಮಾತು ಕೊಟ್ಟಿಲ್ಲ ಎಂಬುದು ನನಗೆ ಗೊತ್ತು, ಆಕೆಗೆ ಗೊತ್ತು, ಆತನಿಗಂತೂ ಗೊತ್ತೇ ಇದೆ. ಆತ ಎದ್ದು “ಸುಳ್ಳು” ಎಂದುಬಿಟ್ಟರೆ? ಊರೆದುರು ಆಕೆಯ ಮರ್ಯಾದೆ ಹೋಗುತ್ತದೆ. ಎನ್ನದಿದ್ದರೆ, ಮನೆಗೆ ಹೋದ ಮೇಲೆ ಏನು?

ಅಧಿಕಾರಿಗೆ ಬಹಳ ಖುಷಿಯಾಯಿತು. ಬಾಜೂದವರಿಂದ ಒಡಪು ಎಂದರೇನು ಎಂದು ಕೇಳಿ ತಿಳಿದುಕೊಂಡು, “ಯಾರ್ರೀ ಆ ರಾಯರು? ಎದ್ದು ನಿಲ್ಲಿ. ನಿಮ್ಮಂಥ ತಂದೆ ಎಲ್ಲ ಊರಲ್ಲೂ ಇರಬೇಕು” ಎಂದರು. ಆತ ಮೆಲ್ಲಗೆ ಎದ್ದ. ಹೆಗಲ ಮೇಲಿನ ಟಾವೆಲ್ಲು ಸರಿಮಾಡಿಕೊಂಡ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಹಿಂದೆ ತಿರುಗಿ ಹೆಂಡತಿಯನ್ನು ನೋಡಿದ. ಜೀವನವಿಡೀ ಆತನ ತಲೆಯಲ್ಲಿದ್ದ ನಾಲ್ಕು ಮಂದಿ ಇಡೀ ಊರಾಗಿ ಎದುರಿಗೆ ಕೂತು ಆತನನ್ನೇ ನೋಡುತ್ತಿದ್ದರು. ಆತ ಎರಡೂ ಕೈ ಮುಗಿದು ಕೂತುಬಿಟ್ಟ.

ಅದರ ಹಿಂದೆಯೇ ಆಕೆ ಬಸ್ಸಿನ ಮಾತನ್ನು ತಾಲೀಮಿನಲ್ಲಿ ಹೇಳಿದಂತೆ ಒಂದೂ ತಪ್ಪದೆ ಹೇಳಿದಳು. ಠರಾವು ಆಯಿತು. ಸಭೆ ಮುಗಿಯುವ ಮೊದಲೇ ಆತ ಎದ್ದುಹೋದದ್ದನ್ನು ನಾನು ನೋಡಿದೆ. ಸಂಘದವರು ಮಂಡಕ್ಕಿ ತೋಯಿಸಿ ಮಂಡಾಳ ಒಗ್ಗರಣಿ ಮಾಡಿ ಸಂಭ್ರಮಪಟ್ಟರು, ನನ್ನ ಪಾಲಿನದು ತಟ್ಟೆಯಲ್ಲೇ ಉಳಿಯಿತು.

ಮರುದಿನ ಶಾಲೆಗೆ ಹೋಗುವ ಮೊದಲು ಅವರ ಮನೆಯ ಮುಂದೆ ಸ್ಕೂಟಿ ನಿಲ್ಲಿಸಿದೆ. ಹುಡುಗಿಯ ಟಿ.ಸಿ. ವಿಚಾರ ಎಂದು ನೆವ ಮಾಡಿಕೊಂಡಿದ್ದೆ. ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳಿ ಅರ್ಧ ಜೀವ ಬಂತು. ಆಕೆ ಹೊರಗೆ ಬಂದು ಪಿಸುಗುಟ್ಟಿದಳು, “ನಿನ್ನಿಯಿಂದ ಮಾತ ಆಡವಲ್ರು ಅಕ್ಕೋರ. ಉಂಡಾರ, ಬರೇ ಮಾತಿಲ್ಲ.” ಹಿಂದೆಯೇ ಆತ ಬಂದು ಕಂಬಕ್ಕೆ ಒರಗಿ ನಿಂತ.

“ಅಕ್ಕೋರ, ನಾ ಯಾವಾಗ ಮಾತ ಕೊಟ್ಟೇನಿ ಅಂತ ನೀವ ಕೇಳ್ರಿ ಆಕಿನ್ನ.”

ಆಕೆ ನೆಲ ನೋಡುತ್ತ, ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಅಂದಳು, “ಎಲ್ಲಾರೂ ಕೇಳ್ಯಾರಲ್ರಿ.”

“ಕೇಳ್ಯಾರ” ಎಂದ ಆತ. “ಅದ ಆಗೇತಿ ತ್ರಾಸ. ಮುಂಜಾನಿ ಚಾದಂಗಡಿಗೆ ಹೋದ್ರ ನನ್ನ ಕಡಿಂದ ಚಾದ ರೊಕ್ಕ ತಗೊಳ್ಳಲಿಲ್ಲ. ಭೇಷ್ ಮಾಡಿದಿ ಅಂತಾರ. ಮಠದ ಅಜ್ಜಾರು ಸುದ್ದಾ ಕರದು ಆಶೀರ್ವಾದ ಮಾಡಿದ್ರು. ಈಗ ಬಿಡಿಸಿದ್ರ ನಾಲ್ಕ್ ಮಂದಿ ಏನಂತಾರ?” ನನ್ನ ಮುಖ ನೋಡದೆ ಕೇಳಿದ, “ಟಿ.ಸಿ. ಯಾವಾಗ ಕೊಡ್ತೀರಿ?”

ಹುಡುಗಿ ಹೈಸ್ಕೂಲು ಸೇರಿದಳು. ಬಸ್ಸು ಸರಿಯಾಯಿತೆಂದು ಬರೆಯಲು ನನಗೂ ಆಸೆ, ಆದರೆ ಅದು ಸುಳ್ಳಾಗುತ್ತದೆ. ಠರಾವು ಹೋದ ಮೇಲೆ ಕೆಲವು ದಿನ ನಿಂತಿತು, ಮತ್ತೆ ಮೊದಲಿನಂತೆ. ಆಗ ಕ್ರಾಸಿನಲ್ಲಿ ನನಗೆ ಹೊಸದೊಂದು ನೋಟ ಕಂಡಿತು. ಹುಡುಗಿಯರ ನಡುವೆ ಆತ ನಿಂತಿದ್ದ. ಎಲ್ಲಿಗೂ ಹೋಗುವವನಲ್ಲ, ಹೊಲಕ್ಕೆ ಹೋಗುವ ಹಳೆಯ ಅಂಗಿಯಲ್ಲೇ ಬಂದಿದ್ದ. ಬಸ್ಸು ಕಂಡಾಗ ಟಾವೆಲ್ಲು ಬೀಸಿ ಕೈ ಮಾಡಿದ. ಗಂಡಸು ಕೈ ಮಾಡಿದ್ದಕ್ಕೆ ಬಸ್ಸು ನಿಂತಿತು. ಹುಡುಗಿಯರೆಲ್ಲ ಹತ್ತಿದರು, ಆತ ಹತ್ತಲಿಲ್ಲ. ಕಂಡಕ್ಟರು ಏನೋ ಬೈದ. ಆತ ಟಾವೆಲ್ಲು ಹೆಗಲಿಗೆ ಹಾಕಿಕೊಂಡು ಹೊಲದ ದಾರಿ ಹಿಡಿದ.

ಈಗಲೂ ದಿನಾ ನಿಲ್ಲುತ್ತಾನೆ. ಬಿಟ್ಟುಹೋಗಿದ್ದ ಕೆಲವು ಹುಡುಗಿಯರು ಮತ್ತೆ ಚೀಲ ಹಾಕಿಕೊಂಡು ಬರುತ್ತಾರೆ. ನನ್ನ ಚಿಂತೆ ಮುಗಿದಿಲ್ಲ. ಆತನಿಗೆ ಜ್ವರ ಬಂದರೆ? ಬಸ್ಸಿನವರು ಆತನ ಗುರುತು ಹಿಡಿದುಬಿಟ್ಟರೆ? ಕಚೇರಿಯ ಫೋನು ಮತ್ತೆ ಬಂದರೆ? ದೇವಿಕೊಪ್ಪದ ದಾರಿ ಎಷ್ಟು ದೂರವೆಂದು ಮೊಬೈಲಿನಲ್ಲಿ ನೋಡಿ ಇಟ್ಟುಕೊಂಡಿದ್ದೇನೆ. ಹುಡುಗಿ ಈಗ ಹತ್ತನೇ ತರಗತಿಯಲ್ಲಿದ್ದಾಳೆ, ಮುಂದೆ ಕಾಲೇಜೆಂದರೆ ಹುಬ್ಬಳ್ಳಿ. ಅದು ಇನ್ನೂ ದೊಡ್ಡ ಚಿಂತೆ.

ಮೊನ್ನೆ ಕ್ರಾಸಿನಲ್ಲಿ ಆತ ಕೈ ಮಾಡಿದ. ಬಸ್ಸಿಗಲ್ಲ, ನನ್ನ ಸ್ಕೂಟಿಗೆ. ನಿಲ್ಲಿಸಿದೆ.

“ಈ ಸಲದ ಗ್ರಾಮಸಭಾ ಯಾವಾಗ್ರಿ ಅಕ್ಕೋರ?”

ಮುಂದಿನ ವಾರ ಎಂದೆ. ಆತನ ಮುಖ ಸಣ್ಣದಾಯಿತು. ಹತ್ತಿರ ಬಂದು, ಹುಡುಗಿಯರಿಗೆ ಕೇಳದಂತೆ ದನಿ ತಗ್ಗಿಸಿದ. “ಎಸ್ಸೆಸ್ಸೆಲ್ಸಿ ಆದಮ್ಯಾಲ ಏನ ಮಾಡೂದು ಅಂತ ಮೊದಲ ಮನಿಯಾಗ ನನಗ ಹೇಳಂತ ಹೇಳ್ರಿ ಆಕಿಗೆ. ಮಂದಿ ಮುಂದ ಒಡಪ ಹೇಳೂದು ಬ್ಯಾಡ.”

ಹೇಳುತ್ತೇನೆ ಎಂದೆ. ಇನ್ನೂ ಹೇಳಿಲ್ಲ.